ಪಟಗಳಿಗೆ ಕಟ್ಟು ಹಾಕುತ್ತಿದ್ದ ವರ್ತಕ

ಅಡಾಲ್ಫ್ ಹಿಟ್ಲರನು ಜನನಾಯಕನಾಗುವುದಕ್ಕೆ ಮೊದಲು ದರಿದ್ರ ಚಿತ್ರಕಾರನಾಗಿ ಅಲೆದ ಕಾಲವನ್ನು ಕಲ್ಪನೆಯಿಂದ ತುಂಬಿ ತೋರಿಸಿದ ಚಲಚ್ಚಿತ್ರಗಳಲ್ಲಿ, ಮೆನ್ನೊ ಮೇಯೆಸ್ ಎಂಬವರು 2002ರಲ್ಲಿ ನಿರ್ದೇಶಿಸಿದ ‘ಮ್ಯಾಕ್ಸ್’ ನನ್ನ ಮನಸ್ಸನ್ನು ಬಹುವಾಗಿ ಕಲಕಿದುದು. ಮಹಾಯುದ್ಧದಲ್ಲಿ ಒಂದು ತೋಳನ್ನು ಕಳೆದುಕೊಂಡು 1918ರ ಮ್ಯೂನಿಕ್ ನಗರಕ್ಕೆ ಹಿಂದಿರುಗಿ, ಹಳೆಯ ರೈಲೆಂಜಿನ್ ಕಾರ್ಖಾನೆಯೊಂದರಲ್ಲಿ ನವ್ಯಕಲೆಯ ಚಿತ್ರಶಾಲೆಯನ್ನು ತೆರೆದಿರುವ ಮ್ಯಾಕ್ಸ್ ರಾತ್‌ಮನ್ ಎಂಬ ಕಲ್ಪಿತ ಯೆಹೂದ್ಯ ವರ್ತಕನು, ತನ್ನಂತೆಯೇ ರಣರಂಗದಿಂದ ಮರಳಿದ ಆ ನಿರ್ಗತಿಕ ಸೈನಿಕನನ್ನು ಅನುಕಂಪದಿಂದ ಕಂಡು, ನಿನ್ನ ಅಂತರಂಗವನ್ನೇ ಚಿತ್ರದಲ್ಲಿ ತೋರು ಎಂದು ಹುರಿದುಂಬಿಸುತ್ತಾನೆ. ಕಡೆಗೆ ಆ ಸೈನಿಕನ ಭಾಷಣದಿಂದಲೇ ಉದ್ರಿಕ್ತರಾದ ಪುಂಡರು ರಾತ್‌ಮನ್ನನನ್ನು ಹೊಡೆದು ಹಿಮದ ಮೇಲೆ ಕೆಡಹುತ್ತಾರೆ. ಅತ್ತ ತನ್ನ ಚಿತ್ರಗಳನ್ನು ತೋರಿಸಲೆಂದು ಬಂದ ಹಿಟ್ಲರನು, ಬಾರದ ಆಶ್ರಯದಾತನಿಗಾಗಿ ಕಾದು ಕುಳಿತಿರುತ್ತಾನೆ.

2009ರಲ್ಲಿ ಉರ್ಸ್ ಓಡರ್‌ಮಾಟ್ ಅವರು ತೆಗೆದ ಚಿತ್ರದಲ್ಲಿಯೂ ಇಂತಹನೊಬ್ಬ ಉಪಕಾರಿಯುಂಟು. ಅದು ಜಾರ್ಜ್ ಟಾಬೋರಿಯವರ ನಾಟಕದಿಂದ ಹುಟ್ಟಿದುದು. 1987ರಲ್ಲಿ ವಿಯೆನ್ನಾದಲ್ಲಿ ಮೊದಲು ಪ್ರಯೋಗವಾದ ಆ ನಾಟಕದಲ್ಲಿ, ಊರ ಬಡವರ ವಸತಿಯಲ್ಲಿರುವ ಶ್ಲೋಮೊ ಹೆರ್ಟ್ಸ್‌ಲ್ ಎಂಬ ಯೆಹೂದ್ಯ ಪುಸ್ತಕ ವ್ಯಾಪಾರಿಯು ವಿಯೆನ್ನಾದ ಲಲಿತಕಲಾ ಅಕಾಡೆಮಿಯ ಪರೀಕ್ಷೆಗೆಂದು ಬಂದ ಹಳ್ಳಿಯ ಹುಡುಗ ಹಿಟ್ಲರನನ್ನು ತಾಯಿಯಂತೆ ಸಲಹುತ್ತಾನೆ. ಟಾಬೋರಿಯವರ ತಂದೆ ಆಶ್‌ವಿಟ್ಸ್‌ನಲ್ಲಿ ಹತರಾದವರು ಎಂಬುದನ್ನು ನೆನೆದಾಗ, ಆ ವಾತ್ಸಲ್ಯದ ದೃಶ್ಯಗಳನ್ನು ಬರೆದ ಲೇಖನಿಯ ಧೈರ್ಯವು ಎಷ್ಟೆಂಬುದು ಅರಿವಾಗುತ್ತದೆ.

ಈ ಕಥೆಗಳ ಬೆನ್ನಿಗೆ ಒಂದು ಪ್ರಶ್ನೆ ಸದಾ ಅಂಟಿಕೊಂಡು ಬರುತ್ತದೆ: ಆ ಲಲಿತಕಲಾ ಅಕಾಡೆಮಿಯವರು ಹಿಟ್ಲರನನ್ನು ಸೇರಿಸಿಕೊಂಡಿದ್ದರೆ? ಈ ಪ್ರಶ್ನೆಯನ್ನು ನಾನು ಒಪ್ಪಲಾರೆ. 1907ರ ಪರೀಕ್ಷೆಯಲ್ಲಿ ಅವನ ರೇಖಾಚಿತ್ರಗಳಲ್ಲಿ ಮನುಷ್ಯರ ಮುಖಗಳು ಸಾಲವೆಂದು ಪರೀಕ್ಷಕರು ಕಂಡುದು ಸತ್ಯವಾದ ತೀರ್ಪೇ. ಮರುವರ್ಷ ಅವನಿಗೆ ಪರೀಕ್ಷೆಗೆ ಕೂರಲೂ ಅನುಮತಿ ದೊರೆಯಲಿಲ್ಲ. ಮುಂದೆ ಬಿಡಿಸಿದ ಜಲವರ್ಣಗಳಲ್ಲಿಯೂ ಗೋಪುರ ಗೋಡೆಗಳು ಅಚ್ಚುಕಟ್ಟಾಗಿ ನಿಂತಿವೆಯೇ ಹೊರತು, ಬೀದಿಯಲ್ಲಿ ನಡೆಯುವ ಜನರು ಜೀವವಿಲ್ಲದ ಚುಕ್ಕೆಗಳಾಗಿದ್ದಾರೆ. ಆ ಅಕಾಡೆಮಿಯ ಬಾಗಿಲಿನಿಂದ ಎಷ್ಟೋ ಮಂದಿ ತರುಣರು ಕಣ್ಣೀರಿಡುತ್ತ ಹಿಂದಿರುಗಿದರು. ಅವರಾರೂ ಜಗತ್ತಿಗೆ ಬೆಂಕಿಯಿಡಲಿಲ್ಲ.

ಇತಿಹಾಸದಲ್ಲಿಯಾದರೋ, ಉಪಕಾರಿಯನ್ನು ಕಲ್ಪಿಸಿಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ. 1910ರಿಂದ 1913ರವರೆಗೆ ಹಿಟ್ಲರನು ವಿಯೆನ್ನಾದ ಮೆಲ್ಡೆಮನ್ ಬೀದಿಯ ಗಂಡಸರ ವಸತಿಗೃಹದಲ್ಲಿದ್ದು, ಅಂಚೆ ಕಾರ್ಡುಗಳ ಚಿತ್ರಗಳನ್ನು ನೋಡಿ ನಗರದ ಕಟ್ಟಡಗಳನ್ನು ಬರೆಯುತ್ತಿದ್ದನು. ಮೊದಮೊದಲು ಅವುಗಳನ್ನು ಹೊತ್ತು ಮಾರಿದವನು ರೈನ್‌ಹೋಲ್ಡ್ ಹಾನಿಷ್ ಎಂಬ ಜೊತೆಗಾರ. ಅವರಿಬ್ಬರೂ ಜಗಳವಾಡಿ ಅಗಲಿದ ತರುವಾಯ, ಆ ಚಿತ್ರಗಳನ್ನು ನ್ಯಾಯವಾದ ಬೆಲೆಗೆ ಕೊಂಡವರಲ್ಲಿ ಪ್ರಮುಖನು ಗಾಜಿನ ಕೆಲಸ ಮಾಡುತ್ತ ಪಟಗಳಿಗೆ ಕಟ್ಟು ಹಾಕುತ್ತಿದ್ದ ಸ್ಯಾಮ್ಯುಯೆಲ್ ಮಾರ್ಗೆನ್‌ಸ್ಟರ್ನ್ ಎಂಬ ಯೆಹೂದ್ಯ ವರ್ತಕ. ಬರಿಯ ಚೌಕಟ್ಟಿಗಿಂತ ಚಿತ್ರವಿರುವ ಚೌಕಟ್ಟು ಬೇಗ ಮಾರಾಟವಾಗುವುದಾದ್ದರಿಂದ ಇಂತಹ ಅಂಗಡಿಗಳಿಗೆ ಅಗ್ಗದ ಚಿತ್ರಗಳು ಬೇಕಾಗಿದ್ದುವು. ಮಾರ್ಗೆನ್‌ಸ್ಟರ್ನನ ಗಿರಾಕಿಗಳಲ್ಲಿ ಬಹುಮಂದಿ ಯೆಹೂದ್ಯರೇ ಆದುದರಿಂದ, ಆ ಗೋಪುರಗಳೂ ಚರ್ಚುಗಳೂ ವಿಯೆನ್ನಾದ ಯೆಹೂದ್ಯ ಗೃಹಸ್ಥರ ಗೋಡೆಗಳನ್ನು ಅಲಂಕರಿಸಿದುವು.

1938ರಲ್ಲಿ ಆ ಅಂಗಡಿಯನ್ನು ನಾತ್ಸಿಗಳು ಕಸಿದುಕೊಂಡರು. ಮರುವರ್ಷ ಆಗಸ್ಟ್ ತಿಂಗಳಲ್ಲಿ ಆ ವೃದ್ಧನು, ಹಳೆಯ ಪರಿಚಯವನ್ನು ನೆನಪಿಸಿ, ಹೆಂಡತಿಯೊಡನೆ ದೇಶ ಬಿಟ್ಟು ಹೋಗುವುದಕ್ಕೆ ಬೇಕಾದಷ್ಟು ಹಣವನ್ನು ಮಾತ್ರ ಕರುಣಿಸಬೇಕೆಂದು ಹಿಟ್ಲರನಿಗೇ ಕಾಗದ ಬರೆದನು. ಅದು ಅಧಿಕಾರಿಗಳ ಮೇಜಿನವರೆಗೆ ಹೋಯಿತು. ಅಲ್ಲಿಂದ ವಿಯೆನ್ನಾಕ್ಕೆ ಹಿಂದಿರುಗಿ ಕಡತ ಸೇರಿತು. 1941ರಲ್ಲಿ ಗಂಡಹೆಂಡಿರಿಬ್ಬರನ್ನೂ ಪೋಲೆಂಡಿನ ಊಚ್ ನಗರದ ಘೆಟ್ಟೋಗೆ ಸಾಗಿಸಿದರು. ಮಾರ್ಗೆನ್‌ಸ್ಟರ್ನನು 1943ರಲ್ಲಿ ಅಲ್ಲಿಯೇ ತೀರಿಕೊಂಡನು.