ಮುಂಬಯಿಯ ಟ್ರಾಮೂ ಅಲಿಬಾಗಿನ ಸೂಜಿಯೂ

ಪಟ್ಟಣದ ಬೀದಿಗೆ ಹೊಸ ವಾಹನವೊಂದನ್ನು ತರಲು ಹೊರಟಾಗ ಅದರಿಂದ ಯಾರಿಗೆ ತೊಂದರೆಯಾದೀತೆಂದು ವಿಚಾರಿಸುವುದು ಸಹಜ. ಹೊಗೆ, ಧೂಳು, ಸದ್ದು, ಕಡಿದುರುಳುವ ಮರ - ಇವೆಲ್ಲ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಕೇಡುಗಳು. ಕಣ್ಣಿಗೂ ಕಾಣದ, ಕಿವಿಗೂ ಕೇಳದ ಕೇಡೊಂದನ್ನು ಮುಂಚಿತವಾಗಿಯೇ ಅರಿತು, ಕೆಲಸ ತೊಡಗುವ ಮೊದಲೇ ಅದಕ್ಕೆ ಪರಿಹಾರ ಮಾಡಿಟ್ಟ ಪ್ರಸಂಗವೊಂದು ಮುಂಬಯಿಯ ಟ್ರಾಮಿನ ಇತಿಹಾಸದಲ್ಲಿದೆ.

ಮುಂಬಯಿಯಲ್ಲಿ ಮೊದಲ ಟ್ರಾಮು ಓಡಿದುದು 1874ರ ಮೇ 9ರಂದು. ಅದನ್ನು ಎಳೆಯುತ್ತಿದ್ದುವು ಕುದುರೆಗಳು. ಕಂಪೆನಿಯ ಲಾಯದಲ್ಲಿ 900 ಕುದುರೆಗಳಿದ್ದುವು. ಅಷ್ಟು ಕುದುರೆಗಳ ಲದ್ದಿ ನಗರದ ಬೀದಿಗಳನ್ನು ಯಾವ ಸ್ಥಿತಿಗೆ ತಂದಿದ್ದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಇತ್ತ ಮದರಾಸಿನಲ್ಲಿ 1895ರಿಂದಲೇ ವಿದ್ಯುತ್ ಟ್ರಾಮು ಓಡತೊಡಗಿತ್ತು. ಅದಕ್ಕೆ ಲದ್ದಿಯಿಲ್ಲ, ಹೊಗೆಯಿಲ್ಲ. ಬಿಸಿಲಿಗೆ ಬಸವಳಿದು ಬೀಳುವ ಮೂಕಪ್ರಾಣಿಯೂ ಇಲ್ಲ. ಶತಮಾನ ಹೊರಳುವ ಹೊತ್ತಿಗೆ ಮುಂಬಯಿಯೂ ಅದೇ ದಾರಿ ಹಿಡಿಯಲು ಹೊರಟದ್ದರಲ್ಲಿ ಆಶ್ಚರ್ಯವೇನಿದೆ?

ಆದರೆ ನಗರದ ದಕ್ಷಿಣದ ತುದಿಯಲ್ಲಿ, ಕೊಲಾಬಾದಲ್ಲಿ, ಒಂದು ವೇಧಶಾಲೆಯಿತ್ತು. ಈಸ್ಟ್ ಇಂಡಿಯಾ ಕಂಪೆನಿ 1826ರಲ್ಲಿ ಅದನ್ನು ಸ್ಥಾಪಿಸಿತು. 1841ರಿಂದ ಅಲ್ಲಿ ಭೂಮಿಯ ಕಾಂತಶಕ್ತಿಯನ್ನು ಅಳೆಯುವ ಕೆಲಸ ನಡೆಯುತ್ತಿತ್ತು. ತೂಗುಬಿಟ್ಟ ಅಯಸ್ಕಾಂತದ ಸೂಜಿ ದಿನಕ್ಕೆ ಎಷ್ಟು ಕದಲುತ್ತದೆ, ಯಾವಾಗ ಕದಲುತ್ತದೆ ಎಂದು ಕಾದು ಕುಳಿತು ಬರೆದಿಡುವುದೇ ಆ ಕೆಲಸ. ಲೋಕದ ಕಣ್ಣಿಗೆ ಇದು ಕೆಲಸವಿಲ್ಲದವರ ಕೆಲಸವೆಂದು ತೋರೀತು. ಆದರೆ 1859ರ ಸೆಪ್ಟೆಂಬರಿನಲ್ಲಿ ಸೂರ್ಯನ ಮೇಲೆ ಎದ್ದ ಪ್ರಚಂಡ ಸ್ಫೋಟವೊಂದರ ಪರಿಣಾಮವಾಗಿ ಭೂಮಿಯ ಕಾಂತಕ್ಷೇತ್ರವೇ ತಲ್ಲಣಿಸಿದಾಗ, ಆ ತಲ್ಲಣದ ಅಳತೆ ಕೊಲಾಬಾದ ಪುಸ್ತಕದಲ್ಲಿ ದಾಖಲಾಯಿತು. ಸಾಧಾರಣ ದಿನಗಳಲ್ಲಿ ಕೆಲವು ಹತ್ತು ನ್ಯಾನೊಟೆಸ್ಲಾಗಳಷ್ಟು ಮಾತ್ರ ಏರಿಳಿಯುವ ಬಲ, ಅಂದು ಸುಮಾರು 1,600ರಷ್ಟು ಕುಸಿದಿತ್ತು. 2003ರಲ್ಲಿ ವಿಜ್ಞಾನಿಗಳು ಆ ಮಹಾಬಿರುಗಾಳಿಯ ಬಲವನ್ನು ಲೆಕ್ಕಹಾಕಲು ಕುಳಿತಾಗ ಅವರ ಕೈಗೆ ಆಧಾರವಾಗಿ ಸಿಕ್ಕಿದ್ದು ಈ ಹಳೆಯ ಅಂಕಿಗಳೇ.

ಇಂಥ ಸೂಜಿಗೂ ಟ್ರಾಮಿಗೂ ಏನು ವೈರ? ಟ್ರಾಮಿಗೆ ತಲೆಯ ಮೇಲಿನ ತಂತಿಯಿಂದ ವಿದ್ಯುತ್ತು ಇಳಿಯುತ್ತದೆ. ಗಾಡಿಯನ್ನು ಓಡಿಸಿ, ಕಂಬಿಯ ಮೂಲಕ ವಿದ್ಯುದಾಗಾರಕ್ಕೆ ಹಿಂದಿರುಗುತ್ತದೆ. ಆದರೆ ಅದೆಲ್ಲವೂ ಕಂಬಿಯಲ್ಲೇ ಹೋಗುವುದಿಲ್ಲ. ಒಂದು ಪಾಲು ಮಣ್ಣಿಗೆ ಸೋರಿ ಅಡ್ಡದಾರಿ ಹಿಡಿಯುತ್ತದೆ; ನೀರಿನ ಕೊಳವೆ ಸಿಕ್ಕಿದರೆ ಅದನ್ನೇ ದಾರಿ ಮಾಡಿಕೊಂಡು, ಹೊರಬೀಳುವ ಜಾಗದಲ್ಲಿ ಅದನ್ನು ಸವೆಯಿಸುತ್ತದೆ. ಈ ಅಲೆಮಾರಿ ವಿದ್ಯುತ್ತಿನ ಸುತ್ತ ಹುಟ್ಟುವ ಕಾಂತಬಲ ಸೂಜಿಯನ್ನು ಸುಮ್ಮನಿರಗೊಡುವುದಿಲ್ಲ. ಕಂಬಿಗಳ ಸಂದುಗಳನ್ನು ತಾಮ್ರದಿಂದ ಬೆಸೆಯುವುದು ಆಗಿನವರಿಗೆ ಗೊತ್ತಿದ್ದ ಉಪಾಯ. ಕಂಬಿಯುದ್ದಕ್ಕೂ ಒತ್ತಡದ ವ್ಯತ್ಯಾಸ 7 ವೋಲ್ಟನ್ನು ಮೀರಕೂಡದೆಂದು ಬ್ರಿಟನ್ನಿನಲ್ಲಿ ಕಟ್ಟಳೆಯೂ ಇತ್ತು. ಕೊಳವೆಗಳ ರಕ್ಷಣೆಗೆ ಇದು ನೆರವಾದೀತು. ಸೂಜಿಯ ಸೂಕ್ಷ್ಮಕ್ಕೆ ಸಾಲದು.

ಆಗ ಕೊಲಾಬಾ ವೇಧಶಾಲೆಯ ನಿರ್ದೇಶಕರಾಗಿದ್ದವರು ಡಾಕ್ಟರ್ ನಾನಾಭಾಯಿ ಮೂಸ್. ಆ ಪದವಿಗೇರಿದ ಮೊದಲ ಭಾರತೀಯರು ಅವರೇ. ನಗರಕ್ಕೆ ಟ್ರಾಮು ಬೇಡವೆನ್ನುವುದು ಆಗದ ಮಾತು. ಆರು ದಶಕಗಳ ದಾಖಲೆಯನ್ನು ಕೆಡಿಸಿಕೊಳ್ಳುವುದೂ ಆಗದ ಮಾತು. ಕೊನೆಗೆ ಸೂಜಿಯೇ ಊರು ಬಿಡುವುದೆಂದಾಯಿತು. ಕೊಲ್ಲಿಯಾಚೆ, ಸುಮಾರು 30 ಕಿಲೋಮೀಟರು ದೂರದ ಅಲಿಬಾಗಿನಲ್ಲಿ ಹೊಸ ವೇಧಶಾಲೆ ಎದ್ದಿತು. ಅದಕ್ಕೆ ಆರಿಸಿ ತಂದ ಪೋರಬಂದರದ ಕಲ್ಲು. ಕಬ್ಬಿಣದ ಸೋಂಕೂ ತಗಲದಂತೆ ಹಿತ್ತಾಳೆ ತಾಮ್ರಗಳ ಜೋಡಣೆ.

ಮೂಸರ ದೂರದೃಷ್ಟಿ ಪ್ರಕಟವಾದದ್ದು ಮುಂದಿನ ಹೆಜ್ಜೆಯಲ್ಲಿ. ಒಂದೂರಿನ ಕಾಂತಬಲ ಇನ್ನೊಂದೂರಿನಷ್ಟೇ ಇರುವುದಿಲ್ಲ. ಹಳೆಯ ಅಂಕಿಗೆ ಹೊಸ ಅಂಕಿಯನ್ನು ಹೊಂದಿಸಬೇಕಾದರೆ ಎರಡೂ ಕಡೆ ಒಂದೇ ಕಾಲದಲ್ಲಿ ಅಳೆದು ಹೋಲಿಸಬೇಕು. ಆದುದರಿಂದ 1904ರಿಂದ 1906ರವರೆಗೆ ಕೊಲಾಬಾ, ಅಲಿಬಾಗ ಎರಡರಲ್ಲಿಯೂ ಅಳತೆ ನಡೆಯಿತು. ಅದು ಮುಗಿದ ಮೇಲೆ, 1907ರ ಮೇ 7ರಂದು, ಮುಂಬಯಿಯಲ್ಲಿ ವಿದ್ಯುತ್ ಟ್ರಾಮು ಓಡಿತು. ಲಂಡನ್ನಿನ ಬಳಿಯ ಕ್ಯೂ ವೇಧಶಾಲೆಗೆ ಈ ಭಾಗ್ಯವಿರಲಿಲ್ಲ. ಅಲ್ಲಿ ಟ್ರಾಮು ಮೊದಲು ಬಂತು, ಅಳತೆ ಕೆಟ್ಟಿತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರಿನಲ್ಲಿ ಬದಲಿ ವೇಧಶಾಲೆ ತೆರೆದದ್ದು 1908ರಲ್ಲಿ.

ಟ್ರಾಮು ಮುಂಬಯಿಯವರನ್ನು ಹೊತ್ತು ತಿರುಗಿ, 1964ರ ಮಾರ್ಚ್ 31ರಂದು ಕೊನೆಯ ಸಲ ಓಡಿ ನಿಂತಿತು. ಅದಕ್ಕಾಗಿ ಮನೆ ಬಿಟ್ಟು ಹೋದ ಸೂಜಿಯ ಲೆಕ್ಕ ಮಾತ್ರ ಅಲಿಬಾಗಿನಲ್ಲಿ ಮುಂದುವರಿಯಿತು. ನಗರ ಕಟ್ಟುವವರು ಸಾಮಾನ್ಯವಾಗಿ ಮೊದಲು ಅಗೆಯುತ್ತಾರೆ, ಆಮೇಲೆ ಮರುಗುತ್ತಾರೆ. ಇಲ್ಲಿ ಮೊದಲು ಕೇಳಿದರು, ಕಾದರು, ಆಮೇಲೆ ಕಟ್ಟಿದರು. ಅದರಿಂದ ಟ್ರಾಮಿಗೇನೂ ನಷ್ಟವಾಗಲಿಲ್ಲ.

ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ಆ ಸೂಜಿಯ ಪರವಾಗಿ ಮಾತನಾಡಲು ಒಬ್ಬ ಮೂಸ್ ಇದ್ದರು. ಅವರ ಮಾತಿಗೆ ಕಿವಿಗೊಡುವ ಸರಕಾರವೂ ಇತ್ತು. ಬೀದಿಬದಿಯ ಮರಕ್ಕೆ, ನೆಲದಡಿಯ ನೀರಿಗೆ, ಅಲ್ಲೇ ಗೂಡು ಕಟ್ಟಿದ ಹಕ್ಕಿಗೆ ಅಂಥವರು ಎಷ್ಟು ಮಂದಿ?