ಕಲಿಯುವ ದಿನದ ಕೂಲಿ

ಕೆಲವು ವರ್ಷಗಳ ಹಿಂದೆ ನನ್ನ ತಂದೆಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದರು. ಅವರ ಆರೈಕೆಗೆಂದು ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು ಬೆಳಗಾವಿಯ ನಮ್ಮ ಮನೆಯಲ್ಲಿ ಎರಡು ವರ್ಷ ಇದ್ದಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೃದು. ತಂದೆಯವರಿಗೆ ಗಂಜಿ ಕುಡಿಸುವುದರಿಂದ ಹಿಡಿದು ಮೈ ಒರೆಸುವವರೆಗೆ ಎಲ್ಲವನ್ನೂ ಬೇಸರವಿಲ್ಲದೆ ಮಾಡುತ್ತಿದ್ದಳು. ಆದರೆ ಮಲಗಿದ ರೋಗಿಯ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸಬೇಕೆಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಮಗೂ ಯಾರೂ ಹೇಳಿರಲಿಲ್ಲ. ಮೂರನೆಯ ವಾರಕ್ಕೆ ತಂದೆಯವರ ಬೆನ್ನಿನ ಕೆಳಗೆ ಹುಣ್ಣು ಕಾಣಿಸಿಕೊಂಡಿತು.

ನಮ್ಮ ಓಣಿಯಲ್ಲಿದ್ದ ನಿವೃತ್ತ ದಾದಿಯೊಬ್ಬರು ಒಂದು ಮಧ್ಯಾಹ್ನ ಬಂದು, ರೋಗಿಯನ್ನು ಹೇಗೆ ಹೊರಳಿಸಬೇಕು, ಹಿಮ್ಮಡಿಯ ಕೆಳಗೆ ದಿಂಬನ್ನು ಎಲ್ಲಿಡಬೇಕು, ತನ್ನ ನಡು ನೋಯದಂತೆ ಹೇಗೆ ಎತ್ತಬೇಕು ಎಂಬುದನ್ನು ಆಕೆಗೆ ತೋರಿಸಿಕೊಟ್ಟರು. ಅರ್ಧ ತಾಸಿನ ಪಾಠ. ಅದರ ಮೇಲೆ ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು; ಆದರೆ ಮತ್ತೆ ಹೊಸ ಹುಣ್ಣು ಆಗಲಿಲ್ಲ. ಮುಂದೊಂದು ದಿನ, ಊರಿನಲ್ಲಿ ರೋಗಿಗಳ ಆರೈಕೆಯನ್ನು ಕಲಿಸುವ ಹತ್ತು ದಿನಗಳ ವರ್ಗವಿದೆಯೆಂದು ಕೇಳಿ, “ನೀನೂ ಹೋಗಬಾರದೇ?” ಎಂದೆ. ಆಕೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು, “ಆ ಹತ್ತು ದಿನದ ಪಗಾರ ಯಾರು ಕೊಡ್ತಾರ್ರೀ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆಕೆ ವರ್ಗಕ್ಕೆ ಹೋಗಲಿಲ್ಲ.

ಆ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. ಹಳೆಯ ಸಂಗತಿಗಳನ್ನು ಕೆದಕುವ ಚಟ ನನಗೆ ಮೊದಲಿನಿಂದಲೂ ಉಂಟು. ಕೆದಕುತ್ತ ಹೋದಂತೆ, ಇದು ನಮ್ಮ ಮನೆಯ ಪ್ರಶ್ನೆಯಲ್ಲ, ನೂರು ವರ್ಷಕ್ಕೂ ಮಿಕ್ಕ ಪ್ರಶ್ನೆ ಎಂಬುದು ಮನವರಿಕೆಯಾಯಿತು.

ನಮ್ಮ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವಳು ಸೂಲಗಿತ್ತಿ. ಅವಳ ವಿದ್ಯೆ ತಾಯಿಯಿಂದಲೋ ಅತ್ತೆಯಿಂದಲೋ ಬಂದದ್ದು. ಅದಕ್ಕೆ ಶಾಲೆಯಿಲ್ಲ, ಶುಲ್ಕವಿಲ್ಲ. ಕಾಳು, ಸೀರೆ, ಎಲೆ ಅಡಿಕೆ ಇವೇ ಅವಳ ಸಂಭಾವನೆ. ೧೮೮೫ರಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ನರ ಹೆಸರಿನಲ್ಲಿ ಒಂದು ನಿಧಿ ಹುಟ್ಟಿತು. ಹಿಂದುಸ್ತಾನದ ಹೆಂಗಸರಿಗೆ ಹೆಣ್ಣು ವೈದ್ಯರನ್ನೂ ದಾದಿಯರನ್ನೂ ಸೂಲಗಿತ್ತಿಯರನ್ನೂ ಒದಗಿಸಿಕೊಡುವುದು ಅದರ ಉದ್ದೇಶ. ರಾಜಮಹಾರಾಜರೂ ಧನಿಕರೂ ಅದಕ್ಕೆ ಹಣ ಕೊಟ್ಟರು. ೧೯೦೩ರಲ್ಲಿ ಲೇಡಿ ಕರ್ಜನ್ನರು ವಿಕ್ಟೋರಿಯಾ ರಾಣಿಯ ಸ್ಮಾರಕವಾಗಿ ಇನ್ನೊಂದು ನಿಧಿಯನ್ನು ತೆರೆದರು. ಇದು ವಿಶೇಷವಾಗಿ ಊರಿನ ಪರಂಪರೆಯ ಸೂಲಗಿತ್ತಿಯರಿಗೆ ಶುಚಿತ್ವದ ಪಾಠ ಹೇಳುವುದಕ್ಕಾಗಿಯೇ ಮೀಸಲಾದದ್ದು.

ಈ ನಿಧಿಯವರಿಗೆ ಎದುರಾದ ಮೊದಲ ತೊಡಕು ಅಜ್ಞಾನವಲ್ಲ, ಹೊಟ್ಟೆಪಾಡು. ಸೂಲಗಿತ್ತಿ ಬಡವಳು. ತರಗತಿಗೆ ಬಂದರೆ ಅಂದಿನ ಕೂಲಿ ಹೋಯಿತು; ಆ ಹೊತ್ತಿಗೆ ಊರಲ್ಲೊಂದು ಹೆರಿಗೆಯಾದರೆ ಅದೂ ಹೋಯಿತು. ಆದುದರಿಂದ ಅನೇಕ ಕಡೆಗಳಲ್ಲಿ ತರಗತಿಗೆ ಬಂದವಳಿಗೆ ಅಷ್ಟಿಷ್ಟು ಹಣ ಕೊಡುವ ಪದ್ಧತಿಯನ್ನು ಹಾಕಿಕೊಳ್ಳಬೇಕಾಯಿತು. “ಕಲಿಯುವುದಕ್ಕೂ ಇವರಿಗೆ ದುಡ್ಡು ಕೊಡಬೇಕೇ?” ಎಂದು ಮೂಗು ಮುರಿಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ಕಲಿಯುವ ದಿನಕ್ಕೂ ಒಂದು ಬೆಲೆಯುಂಟು, ಅದನ್ನು ಯಾರಾದರೊಬ್ಬರು ತೆರಲೇಬೇಕು ಎಂಬ ಸತ್ಯ ಮಾತ್ರ ಅಂದೇ ಬಯಲಾಗಿತ್ತು.

ಇಲ್ಲಿ ಬೆಳಗಾವಿಗೆ ಹೆಮ್ಮೆ ತರುವ ಒಂದು ಪ್ರಸಂಗವನ್ನು ನೆನೆಯಬೇಕು. ೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ವೈದ್ಯರಾಗಿದ್ದ ನಾ. ಸು. ಹರ್ಡೀಕರರು ಹಿಂದಿನ ವರ್ಷವಷ್ಟೇ ಸೇವಾದಳವನ್ನು ಕಟ್ಟಲು ತೊಡಗಿದ್ದರು. ಬೆಳಗಾವಿಯಲ್ಲಿ ಅವರ ಸ್ವಯಂಸೇವಕರೂ, ಉಮಾಬಾಯಿ ಕುಂದಾಪುರ ಅವರ ನೇತೃತ್ವದ ಸ್ವಯಂಸೇವಿಕೆಯರೂ ಶಿಸ್ತಿನಿಂದ ದುಡಿದರು. ಸೇವೆಗೂ ಶಿಕ್ಷಣ ಬೇಕು, ಒಳ್ಳೆಯ ಮನಸ್ಸೊಂದೇ ಸಾಲದು ಎಂಬುದನ್ನು ಹರ್ಡೀಕರರು ನಾಡಿಗೆ ತೋರಿಸಿಕೊಟ್ಟರು. ಆದರೆ ಅಧಿವೇಶನದ ಸೇವೆ ಕೆಲವು ದಿನಗಳದು. ರೋಗಿಯ ಸೇವೆ ಜೀವಮಾನದ್ದು. ಮೊದಲನೆಯದನ್ನು ಮನೆಯ ಊಟ ಉಂಡು ಮಾಡಬಹುದು, ಎರಡನೆಯದನ್ನು ಮಾಡಲಾಗದು. ‘ಸೇವೆ’ ಎಂಬ ಆ ದೊಡ್ಡ ಶಬ್ದವನ್ನು ನಾವು ಎರಡಕ್ಕೂ ಒಂದೇ ಅಳತೆಯಲ್ಲಿ ಹಚ್ಚಿದೆವು. ಸೇವೆಯೆಂದ ಮೇಲೆ ಸಂಬಳವನ್ನು ಕೇಳುವುದು ಸಣ್ಣತನವೆಂಬ ಭಾವನೆ ನಮ್ಮಲ್ಲಿ ಬೇರೂರಿತು. ಅದರ ಭಾರವನ್ನು ಹೊತ್ತವರು ಹೆಚ್ಚಾಗಿ ಬಡ ಹೆಂಗಸರು.

ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ೧೯೩೫ರಲ್ಲಿ ದಾದಿಯರು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ನೋಂದಣಿಗಾಗಿ ಮುಂಬಯಿ ಸರಕಾರ ಒಂದು ಕಾಯದೆ ಮಾಡಿತು. ಪಟ್ಟಿಯೇನೋ ಸಿದ್ಧವಾಯಿತು, ಪಟ್ಟಿಗೆ ಸೇರುವಷ್ಟು ಕಲಿತವರು ಎಲ್ಲಿ? ೧೯೪೬ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಸುಮಾರು ೩೦ ಕೋಟಿ ಜನರಿದ್ದ ಬ್ರಿಟಿಷ್ ಹಿಂದುಸ್ತಾನಕ್ಕೆ ಇದ್ದ ದಾದಿಯರು ೭,೦೦೦, ಸೂಲಗಿತ್ತಿಯರು ೫,೦೦೦, ಆರೋಗ್ಯ ಸಂದರ್ಶಕಿಯರು ೭೫೦. ಅಂದರೆ ೪೩,೦೦೦ ಜನರಿಗೆ ಒಬ್ಬ ದಾದಿ. ಡಾಕ್ಟರರ ಸಂಖ್ಯೆ ಇದಕ್ಕಿಂತ ಎಷ್ಟೋ ಮೇಲು, ೬,೩೦೦ ಜನರಿಗೆ ಒಬ್ಬರು. ಮೇಲಿನವರ ಶಿಕ್ಷಣಕ್ಕೆ ಹಣ ಹೇಗೋ ಹುಟ್ಟುತ್ತದೆ, ಕೆಳಗಿನವರ ಶಿಕ್ಷಣಕ್ಕೆ ಹುಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೧೯೫೬ರಲ್ಲಿ ಬೆಳಗಾವಿ ನಮ್ಮ ರಾಜ್ಯಕ್ಕೆ ಸೇರಿತು. ೧೯೬೩ರಲ್ಲಿ ಕೆ.ಎಲ್.ಇ. ಸಂಸ್ಥೆ ಇಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಏಳು ಜನ ಶಿಕ್ಷಕರು ೧೯೧೬ರಲ್ಲಿ ಹುಟ್ಟುಹಾಕಿದ ಸಂಸ್ಥೆ ವೈದ್ಯರನ್ನು ತಯಾರಿಸುವ ಮಟ್ಟಕ್ಕೆ ಬೆಳೆಯಿತು. ಹಳ್ಳಿಯ ಸೂಲಗಿತ್ತಿಯ ಸರದಿ ಬಂದದ್ದು ೧೯೭೭ರ ಹೊತ್ತಿಗೆ. ಆಗಿನ ಗ್ರಾಮೀಣ ಆರೋಗ್ಯ ಯೋಜನೆಯಂತೆ ಅವಳಿಗೆ ೩೦ ದಿನಗಳ ತರಬೇತು. ವಾರದಲ್ಲಿ ಎರಡು ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಾಠ, ಉಳಿದ ನಾಲ್ಕು ದಿನ ಆರೋಗ್ಯ ಕಾರ್ಯಕರ್ತೆಯ ಜೊತೆ ಹಳ್ಳಿಗಳಲ್ಲಿ ಓಡಾಟ. ತರಬೇತಿನ ಕಾಲಕ್ಕೆ ೩೦೦ ರೂಪಾಯಿ ವಿದ್ಯಾರ್ಥಿವೇತನ, ಅಂದರೆ ದಿನಕ್ಕೆ ೧೦ ರೂಪಾಯಿ. ಕೊನೆಗೆ ಕತ್ತರಿ, ದಾರಗಳಿದ್ದ ಒಂದು ಪೆಟ್ಟಿಗೆ. ಹಣ ಸ್ವಲ್ಪವೇ ಆದರೂ ಲೆಕ್ಕ ಸರಿಯಾಗಿತ್ತು. ಕಲಿಯುವ ದಿನವೂ ದುಡಿಯುವ ದಿನವೇ ಎಂಬುದನ್ನು ಸರಕಾರ ಕಾಗದದ ಮೇಲೆ ಒಪ್ಪಿಕೊಂಡಿತ್ತು. ಕಲಿಸುವ ಜಾಗವೂ ಕೆಲಸದ ಜಾಗವೇ ಆಗಿತ್ತು. ಅದೇ ವರ್ಷ ಹೊರಟ ಗ್ರಾಮ ಆರೋಗ್ಯ ಕಾರ್ಯಕರ್ತರ ಯೋಜನೆಯಲ್ಲಿ ೨೦೦ ತಾಸುಗಳ ತರಬೇತು ಇತ್ತು. ಆದರೆ ಕೇರಳ, ತಮಿಳುನಾಡುಗಳಂತೆ ಕರ್ನಾಟಕವೂ ಅದರಿಂದ ಹೊರಗುಳಿಯಿತು.

ಮುಂದಿನ ಅಧ್ಯಾಯದಲ್ಲಿ ಬೆಳಗಾವಿಯ ಹೆಸರು ಜಗತ್ತಿನ ವೈದ್ಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಹೆರಿಗೆಯಾದ ಮೇಲೆ ರಕ್ತ ಹರಿದು ತಾಯಂದಿರು ಸಾಯುವುದನ್ನು ತಡೆಯಲು ಮಿಸೋಪ್ರೋಸ್ಟಾಲ್ ಎಂಬ ಅಗ್ಗದ ಗುಳಿಗೆಯನ್ನು ಹಳ್ಳಿಯ ದಾದಿಯರ ಕೈಯಿಂದ ಕೊಡಿಸಬಹುದೇ ಎಂಬ ಪ್ರಯೋಗ ೨೦೦೨ರಿಂದ ೨೦೦೫ರವರೆಗೆ ಈ ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿತು. ವೈದ್ಯಕೀಯ ಕಾಲೇಜಿನವರು ೨೫ ಜನ ಸಹಾಯಕ ದಾದಿಯರನ್ನು ಇದಕ್ಕಾಗಿ ತರಬೇತುಗೊಳಿಸಿದರು. ೧,೬೨೦ ಹೆಂಗಸರು ಇದರಲ್ಲಿ ಸೇರಿದ್ದರು. ಹರಿದ ರಕ್ತವನ್ನು ಕಣ್ಣಂದಾಜಿನಿಂದಲ್ಲದೆ ಅಳೆದು ನೋಡಲು ಗೆರೆ ಕೊರೆದ ಪ್ಲಾಸ್ಟಿಕ್ ಹಾಳೆಯೊಂದನ್ನು ಈ ಪ್ರಯೋಗಕ್ಕಾಗಿಯೇ ರೂಪಿಸಿದರು. ೨೦೦೬ರಲ್ಲಿ ಫಲಿತಾಂಶ ಹೊರಬಿತ್ತು: ಗುಳಿಗೆ ಸಿಗದವರಲ್ಲಿ ನೂರಕ್ಕೆ ೧೨ ಜನರಿಗೆ ಆಗಿದ್ದ ಅತಿ ರಕ್ತಸ್ರಾವ, ಗುಳಿಗೆ ನುಂಗಿದವರಲ್ಲಿ ೬.೪ಕ್ಕೆ ಇಳಿದಿತ್ತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಗುಳಿಗೆಯನ್ನು ಅತ್ಯವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಡಾಕ್ಟರರಿಲ್ಲದ ಹಳ್ಳಿಯಲ್ಲಿ ತರಬೇತಾದ ಸಾಮಾನ್ಯ ದಾದಿಯೊಬ್ಬಳು ಏನು ಮಾಡಬಲ್ಲಳೆಂಬುದನ್ನು ಜಗತ್ತು ನಮ್ಮ ಜಿಲ್ಲೆಯಿಂದ ಕಲಿಯಿತು.

ಅನಂತರ ಹುಟ್ಟಿದೊಡನೆ ಉಸಿರಾಡದ ಕೂಸಿಗೆ ಉಸಿರು ಕೊಡಿಸುವ ವಿಧಾನವನ್ನು ೫೯೯ ಜನ ಹೆರಿಗೆ ಮಾಡಿಸುವವರಿಗೆ ಇಲ್ಲಿಯವರೇ ಕಲಿಸಿದರು. ಸತ್ತು ಹುಟ್ಟುವ ಕೂಸುಗಳ ಪ್ರಮಾಣ ನೂರಕ್ಕೆ ೩ರಿಂದ ೨.೩ಕ್ಕೆ ಇಳಿಯಿತೆಂದು ೨೦೧೩ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಹುಟ್ಟಿದ ತಿಂಗಳೊಳಗಿನ ಸಾವು ಮಾತ್ರ ಇಳಿಯಲಿಲ್ಲವೆಂಬುದನ್ನೂ ಅದು ಮುಚ್ಚಿಡಲಿಲ್ಲ. ಒಂದು ಸಲ ಕಲಿಸಿದರೆ ಮುಗಿಯಿತೆಂದಲ್ಲ. ಕೈ ಮರೆಯುವ ವಿದ್ಯೆಯನ್ನು ಮತ್ತೆ ಮತ್ತೆ ತಿದ್ದಬೇಕು. ಇಲ್ಲಿ ನಾವು ಯೋಚಿಸಬೇಕಾದ ಮಾತೊಂದಿದೆ. ಗುಳಿಗೆಯ ಪ್ರಯೋಗಕ್ಕೆ ಹಣ ಬಂದದ್ದು ಅಮೆರಿಕದ ಸರಕಾರಿ ಸಂಶೋಧನ ಸಂಸ್ಥೆಯಿಂದ ಮತ್ತು ಗೇಟ್ಸ್ ದತ್ತಿಯಿಂದ. ಕೊಟ್ಟವರಿಗೆ ನಾವು ಋಣಿಗಳು. ಆದರೆ ಸಂಶೋಧನೆಯ ಹಣಕ್ಕೆ ಒಂದು ಅವಧಿಯುಂಟು; ಹೆರಿಗೆಗೆ ಅವಧಿಯಿಲ್ಲ. ಡಫರಿನ್ನರ ಕಾಲದಿಂದಲೂ ನಮ್ಮ ದಾದಿಯರ ಕಲಿಕೆ ಹೊರಗಿನವರ ಔದಾರ್ಯವನ್ನೇ ಬಹಳವಾಗಿ ನೆಚ್ಚಿಕೊಂಡು ಬಂದಿದೆ.

೨೦೦೫ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಗಿ ಹಳ್ಳಿ ಹಳ್ಳಿಗೆ ಆಶಾ ಕಾರ್ಯಕರ್ತೆ ಬಂದಳು. ಮೊದಲ ವರ್ಷದಲ್ಲಿ ಅವಳಿಗೆ ೨೩ ದಿನಗಳ ತರಬೇತು; ಮುಂದೆ ಬಾಣಂತಿ, ಕೂಸುಗಳ ಆರೈಕೆಗಾಗಿ ಐದೈದು ದಿನಗಳ ನಾಲ್ಕು ಸುತ್ತು, ಒಟ್ಟು ೨೦ ದಿನ. ಈಗ ಈ ಅಭಿಯಾನದ ಖರ್ಚಿನಲ್ಲಿ ನೂರಕ್ಕೆ ೬೦ ಪಾಲು ಕೇಂದ್ರದ್ದು, ೪೦ ಪಾಲು ರಾಜ್ಯದ್ದು. ಇದು ನಿಜವಾಗಿಯೂ ದೊಡ್ಡ ಹೆಜ್ಜೆ. ಆದರೂ ಅವಳು ಸರಕಾರದ ಎಣಿಕೆಯಲ್ಲಿ ನೌಕರಳಲ್ಲ, ಸ್ವಯಂಸೇವಕಿ. ಹಳೆಯ ‘ಸೇವೆ’ಯ ತೊಡಕು ಇಲ್ಲಿಯೂ ಬೆನ್ನು ಬಿಡಲಿಲ್ಲ. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. ೨೦೨೫ರ ಜನವರಿಯ ಚಳಿಯಲ್ಲಿ ಅವರೇ ಗೌರವಧನಕ್ಕಾಗಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂತರು. ತಿಂಗಳಿಗೆ ಕನಿಷ್ಠ ೧೦,೦೦೦ ರೂಪಾಯಿ ಸಿಗುವಂತೆ ಮಾಡುವ ಭರವಸೆ ಪಡೆದು ಎದ್ದರು.

ಖಾನಾಪುರದ ಪಶ್ಚಿಮಕ್ಕೆ ಹೋದವರಿಗೆ ಈ ಕೆಲಸದ ಕಷ್ಟವನ್ನು ಬಣ್ಣಿಸಬೇಕಾಗಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿಯ ಮಳೆ, ಭೀಮಗಡದ ಕಾಡಿನೊಳಗಿನ ಚಿಕ್ಕ ಚಿಕ್ಕ ಹಳ್ಳಿಗಳು. ೨೦೨೪ರ ಜುಲೈಯಲ್ಲಿ ಆಮಗಾಂವದ ಜನ ರೋಗಿಯೊಬ್ಬರನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ಕಾಡು ದಾಟಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ಮರುಗಿದೆವು. ಇಂಥ ಊರಿನಿಂದ ತರಬೇತಿಗೆ ತಾಲ್ಲೂಕು ಸ್ಥಳಕ್ಕೆ ಬರುವುದೆಂದರೆ ಒಂದು ದಿನದ ಪಾಠಕ್ಕೆ ಎರಡು ದಿನದ ದುಡಿಮೆ ಹೋದಂತೆ. ಅಲ್ಲದೆ ಅಲ್ಲಿಯ ಅನೇಕ ಮನೆಗಳ ಮಾತು ಮರಾಠಿ ಇಲ್ಲವೆ ಕೊಂಕಣಿ. ಹೊಟ್ಟೆನೋವನ್ನು ಮನುಷ್ಯ ತಾಯಿಯ ಮಾತಿನಲ್ಲೇ ಹೇಳಿಕೊಳ್ಳುತ್ತಾನೆ. ಆರೈಕೆಯನ್ನು ಕಲಿಸುವವರೂ ಇದನ್ನು ಮರೆಯಬಾರದು.

ಅಂಗವಿಕಲರ ಆರೈಕೆಯ ಕಥೆ ಇನ್ನೂ ಚಿಕ್ಕದು. ೧೯೯೨ರಲ್ಲಿ ಪುನರ್ವಸತಿ ಪರಿಷತ್ತಿನ ಕಾಯದೆ ಬಂದು ಈ ಕ್ಷೇತ್ರದ ಶಿಕ್ಷಣಕ್ಕೆ ಒಂದು ಕಟ್ಟುಪಾಡು ಏರ್ಪಟ್ಟಿತು. ೧೯೯೫ರ ಕಾಯದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿದ್ದರೆ, ೨೦೧೬ರ ಕಾಯದೆ ೨೧ ಬಗೆಗಳನ್ನು ಹೆಸರಿಸಿತು. ಅದರ ೪೭ನೆಯ ಕಲಮು ಆರೈಕೆ ಮಾಡುವವರಿಗೂ ಮನೆಯವರಿಗೂ ತರಬೇತು ಕೊಡಬೇಕೆಂದು ಸ್ಪಷ್ಟವಾಗಿ ಹೇಳಿತು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರನ್ನು ಆರಿಸುವುದು ಅಂಗವಿಕಲರಿಂದಲೇ. ಊರುಗೋಲು ಹಿಡಿದವನೇ ಊರುಗೋಲು ಬೇಕಾದವನ ಮನೆಗೆ ಹೋಗುವ ಈ ಏರ್ಪಾಡು ನನಗೆ ಬಹಳ ಮೆಚ್ಚಿಗೆಯಾದದ್ದು. ಆದರೆ ಅವರಿಗೂ ಸಿಗುವುದು ಸಂಬಳವಲ್ಲ, ಗೌರವಧನ. ಇನ್ನು ನಮ್ಮ ತಂದೆಯವರನ್ನು ನೋಡಿಕೊಂಡವಳಂತೆ ಮನೆ ಮನೆಯಲ್ಲಿ ದುಡಿಯುವವರ ಲೆಕ್ಕ ಯಾವ ಪಟ್ಟಿಯಲ್ಲಿದೆ?

ಖಾನಾಪುರಕ್ಕೆ ಹೋದಾಗಲೆಲ್ಲ ನನಗೆ ಅಲ್ಲಿಯ ಕುಂಬಾರಿಕೆಯ ನೆನಪಾಗುತ್ತದೆ. ಅಲ್ಲಿಯ ಜೇಡಿಮಣ್ಣು ಹೆಸರಾದದ್ದು. ಖಾದಿ ಆಯೋಗ ಗ್ರಾಮೀಣ ಕುಂಬಾರಿಕೆಯನ್ನು ಕಲಿಸುವ ಕೇಂದ್ರ ಸಂಸ್ಥೆಯನ್ನು ಅಲ್ಲಿಯೇ ನಡೆಸಿತು. ಮಡಕೆ ಮಾಡುವವನ ಕೈ ಪಳಗಲು ಸರಕಾರ ಹಣ ಹಾಕುವುದನ್ನು ಯಾರೂ ಆಕ್ಷೇಪಿಸಲಿಲ್ಲ, ಆಕ್ಷೇಪಿಸಲೂ ಬಾರದು. ಮಣ್ಣನ್ನು ಎತ್ತುವ ಕೈಗೆ ಶಿಕ್ಷಣ ಬೇಕಾದರೆ ಮನುಷ್ಯನನ್ನು ಎತ್ತುವ ಕೈಗೆ ಬೇಡವೇ? ಒಡೆದ ಮಡಕೆಯನ್ನು ಮತ್ತೆ ಮಾಡಬಹುದು.

ಸರಕಾರ ಮಾಡಬೇಕಾದ್ದನ್ನು ಸರಕಾರಕ್ಕೆ ಹೇಳೋಣ. ತರಬೇತಿನ ದಿನದ ಕೂಲಿಯನ್ನು ಪಾಠದ ಖರ್ಚಿನ ಜೊತೆಗೇ ಅಂದಾಜುಪತ್ರಿಕೆಯಲ್ಲಿ ಹಿಡಿಯಬೇಕು; ಪಾಠವನ್ನು ಕೆಲಸದ ಜಾಗಕ್ಕೇ ಒಯ್ಯಬೇಕು; ಅದನ್ನು ವರ್ಷ ವರ್ಷವೂ ಮುಂದುವರಿಸಬೇಕು. ೧೯೭೭ರ ೩೦ ದಿನಗಳ ಲೆಕ್ಕದಲ್ಲಿ ಇದರ ಬೀಜ ಇದ್ದೇ ಇದೆ. ಆದರೆ ಇತಿಹಾಸ ಓದಿದ ಮೇಲೆ ನನ್ನ ಪಾಲಿನ ಮಾತನ್ನೂ ಹೇಳಲೇಬೇಕು. ಅಂದು ಆ ಹೆಣ್ಣುಮಗಳು ಕೇಳಿದ ಪ್ರಶ್ನೆಗೆ ಉತ್ತರ ನನ್ನ ಜೇಬಿನಲ್ಲೇ ಇತ್ತು. ಹತ್ತು ದಿನದ ಪಗಾರವನ್ನು ನಾನೇ ಕೊಡಬಹುದಾಗಿತ್ತು. ಹೊಳೆಯಲಿಲ್ಲವೆಂದರೆ ಸುಳ್ಳಾದೀತು, ಹೊಳೆದಿತ್ತು, ಸುಮ್ಮನಿದ್ದೆ. ತಂದೆಯವರು ತೀರಿಕೊಂಡ ಮೇಲೆ ಆಕೆ ಊರಿಗೆ ಹೋದಳು. ಈಗ ಮತ್ತಾವುದೋ ಮನೆಯಲ್ಲಿ ಮತ್ತಾವುದೋ ಮುದುಕರ ಮಗ್ಗುಲು ಬದಲಿಸುತ್ತಿರಬಹುದು. ಆ ಅರ್ಧ ತಾಸಿನ ಪಾಠವಾದರೂ ಅವಳ ಜೊತೆಗೆ ಹೋಗಿದೆ ಎಂಬುದೇ ನನಗೆ ಸಮಾಧಾನ.