ಲ್ಯಾಪ್‌ಟಾಪ್ ಚಾಲನೆಗೊಳ್ಳಲು ತಗಲುವ ಕಾಲ ಮತ್ತು ವಿಳಂಬದ ಕಾರಣಗಳು

1. ಪೀಠಿಕೆ

ಲ್ಯಾಪ್‌ಟಾಪ್‌ನ ಗುಂಡಿಯನ್ನು ಒತ್ತಿದ ಕ್ಷಣದಿಂದ ಅದು ಕೆಲಸಕ್ಕೆ ಸಿದ್ಧವಾಗುವವರೆಗಿನ ಸಮಯವನ್ನು ಚಾಲನಾ ಅವಧಿ ಎನ್ನಬಹುದು. ಕೊಂಡ ಹೊಸದರಲ್ಲಿ ಒಂದು ನಿಮಿಷದೊಳಗೆ ಸಿದ್ಧವಾಗುತ್ತಿದ್ದ ಯಂತ್ರವು ಕೆಲವು ವರ್ಷಗಳ ನಂತರ ಐದಾರು ನಿಮಿಷ ತೆಗೆದುಕೊಳ್ಳುವುದು ಅನೇಕರ ಅನುಭವವಾಗಿದೆ. ದಿನಕ್ಕೆ ಐದು ನಿಮಿಷ ವ್ಯರ್ಥವಾದರೆ, 240 ಕೆಲಸದ ದಿನಗಳಿಗೆ 1,200 ನಿಮಿಷ, ಅಂದರೆ 20 ಗಂಟೆ ನಷ್ಟವಾಗುತ್ತದೆ. ಹತ್ತು ಯಂತ್ರಗಳಿರುವ ಕಚೇರಿಯಲ್ಲಿ ಇದು 200 ಗಂಟೆ. ದಿನಕ್ಕೆ 8 ಗಂಟೆಯಂತೆ ಒಬ್ಬ ನೌಕರರ 25 ದಿನಗಳ ಕೆಲಸಕ್ಕೆ ಸಮ.

ಇಂತಹ ಯಂತ್ರವು ಹಳೆಯದಾಯಿತೆಂದು ಭಾವಿಸಿ ಹೊಸದನ್ನು ಖರೀದಿಸುವವರುಂಟು. ಆದರೆ ಹಲವು ಸಂದರ್ಭಗಳಲ್ಲಿ ವಿಳಂಬಕ್ಕೆ ಯಂತ್ರದ ಯಾವುದೋ ಒಂದು ಭಾಗ ಅಥವಾ ಅನಗತ್ಯ ತಂತ್ರಾಂಶಗಳು ಮಾತ್ರ ಕಾರಣವಾಗಿರುತ್ತವೆ. ಇನ್ನು ಕೆಲವು ಸಂದರ್ಭಗಳಲ್ಲಿ ವಿಳಂಬವೇ ಡಿಸ್ಕ್ ಕೆಡುತ್ತಿರುವುದರ ಮುನ್ಸೂಚನೆಯಾಗಿದ್ದು, ಅದನ್ನು ಕಡೆಗಣಿಸಿದಲ್ಲಿ ಕಡತಗಳೇ ಕಳೆದುಹೋಗಬಹುದು. ಆದುದರಿಂದ ಹಣ ವ್ಯಯಿಸುವ ಮುನ್ನ ವಿಳಂಬವು ಯಾವ ಹಂತದಲ್ಲಿ ಆಗುತ್ತಿದೆ ಎಂಬುದನ್ನು ಅರಿಯುವುದು ಅವಶ್ಯಕ.

2. ಚಾಲನೆಯ ಹಂತಗಳು

(ಅ) ಯಂತ್ರ ತಪಾಸಣೆ: ವಿದ್ಯುತ್ ಹರಿದೊಡನೆ ಮದರ್‌ಬೋರ್ಡ್‌ನಲ್ಲಿರುವ ಬಯೋಸ್ ಅಥವಾ ಯುಇಎಫ್‌ಐ ಎಂಬ ಮೂಲ ತಂತ್ರಾಂಶವು ಸ್ಮರಣಕೋಶ, ಕೀಲಿಮಣೆ, ಡಿಸ್ಕ್ ಮುಂತಾದವುಗಳನ್ನು ಪರೀಕ್ಷಿಸುತ್ತದೆ. ಈ ಸಮಯದಲ್ಲಿ ಪರದೆಯ ಮೇಲೆ ಸಾಮಾನ್ಯವಾಗಿ ತಯಾರಕರ ಚಿಹ್ನೆ ಕಾಣಿಸುತ್ತದೆ.

(ಆ) ಕಾರ್ಯಾಚರಣಾ ವ್ಯವಸ್ಥೆಯ ಪ್ರವೇಶ: ವಿಂಡೋಸ್ ಅಥವಾ ಲಿನಕ್ಸ್‌ನ ಮೂಲ ಭಾಗಗಳು ಮತ್ತು ಯಂತ್ರಾಂಶದ ಚಾಲಕ ತಂತ್ರಾಂಶಗಳು ಡಿಸ್ಕ್‌ನಿಂದ ಸ್ಮರಣಕೋಶಕ್ಕೆ ಬರುತ್ತವೆ.

(ಇ) ಬಳಕೆದಾರರ ಪ್ರವೇಶ: ಗುಪ್ತಪದ ನೀಡಿದ ಬಳಿಕ ಮುಖಪರದೆ ಹಾಗೂ ಸ್ವಯಂಚಾಲಿತವಾಗಿ ಆರಂಭವಾಗುವ ತಂತ್ರಾಂಶಗಳು ತೆರೆಯುತ್ತವೆ. ಮುಖಪರದೆ ಕಾಣಿಸಿಕೊಂಡ ಮಾತ್ರಕ್ಕೆ ಚಾಲನೆ ಮುಗಿಯಿತೆಂದು ತಿಳಿಯಬಾರದು. ನಂತರವೂ ಹಿನ್ನೆಲೆಯಲ್ಲಿ ಕೆಲಸ ಮುಂದುವರಿಯುವುದರಿಂದ ಕಡತವೊಂದನ್ನು ತೆರೆಯಲು ಕೆಲ ನಿಮಿಷ ಕಾಯಬೇಕಾಗಬಹುದು.

3. ವಿಳಂಬವನ್ನು ಅಳೆಯುವ ಕ್ರಮ

ಗಡಿಯಾರವನ್ನು ಮುಂದಿಟ್ಟುಕೊಂಡು ಮೂರು ಸಮಯಗಳನ್ನು ಬರೆದುಕೊಳ್ಳುವುದು ಸರಳ ವಿಧಾನ: ತಯಾರಕರ ಚಿಹ್ನೆ ಮರೆಯಾದ ಸಮಯ, ಗುಪ್ತಪದ ಕೇಳಿದ ಸಮಯ, ಮೊದಲ ಕಡತ ತೆರೆದ ಸಮಯ. ಮೂರು ದಿನಗಳ ಸರಾಸರಿಯನ್ನು ಪರಿಗಣಿಸುವುದು ಸೂಕ್ತ.

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಸ್ಟಾರ್ಟ್‌ಅಪ್ ವಿಭಾಗದಲ್ಲಿ ಸ್ವಯಂ ಆರಂಭವಾಗುವ ತಂತ್ರಾಂಶಗಳ ಪಟ್ಟಿ ಹಾಗೂ ಪ್ರತಿಯೊಂದರ ಪರಿಣಾಮವು ಹೆಚ್ಚು, ಮಧ್ಯಮ, ಕಡಿಮೆ ಎಂದು ನಮೂದಾಗಿರುತ್ತದೆ. ಯುಇಎಫ್‌ಐ ಯಂತ್ರಗಳಲ್ಲಿ ಮೊದಲ ಹಂತಕ್ಕೆ ತಗಲಿದ ಸೆಕೆಂಡುಗಳು ಅಲ್ಲಿಯೇ ‘ಲಾಸ್ಟ್ ಬಯೋಸ್ ಟೈಮ್’ ಎಂದು ಕಾಣುತ್ತವೆ. ಲಿನಕ್ಸ್‌ನ ಬಹುತೇಕ ಆವೃತ್ತಿಗಳಲ್ಲಿ ‘ಸಿಸ್ಟಮ್‌ಡಿ-ಅನಲೈಜ್’ ಎಂಬ ಆದೇಶವು ಹಂತವಾರು ಲೆಕ್ಕವನ್ನು ನೀಡುತ್ತದೆ.

4. ವಿಳಂಬದ ಪ್ರಮುಖ ಕಾರಣಗಳು

4.1 ಹಾರ್ಡ್ ಡಿಸ್ಕ್: ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ವಿಳಂಬಕ್ಕೆ ಇದೇ ಮುಖ್ಯ ಕಾರಣ. ನಿಮಿಷಕ್ಕೆ 5,400 ಸುತ್ತು ತಿರುಗುವ ಡಿಸ್ಕ್‌ಗೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ಬೇಕು. ಬೇಕಾದ ಮಾಹಿತಿಯು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತಿನ ಕಾಲ ಹಿಡಿಯುತ್ತದೆ. ಮುಳ್ಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ ಹತ್ತು ಮಿಲಿಸೆಕೆಂಡ್‌ಗಿಂತ ಹೆಚ್ಚು ಬೇಕಾಗಬಹುದು. ಹೀಗಾಗಿ ಚದುರಿಹೋದ ಮಾಹಿತಿಯನ್ನು ಓದುವಾಗ ಸೆಕೆಂಡಿಗೆ ಅರವತ್ತು ಎಪ್ಪತ್ತು ಬಾರಿ ಮಾತ್ರ ಓದಲು ಸಾಧ್ಯ. ದಾಖಲೆ ಕೊಠಡಿಯಲ್ಲಿ ಒಬ್ಬರೇ ಸಿಬ್ಬಂದಿಯಿದ್ದು, ಇಪ್ಪತ್ತು ಶಾಖೆಗಳು ಏಕಕಾಲಕ್ಕೆ ಬೇರೆ ಬೇರೆ ಕಪಾಟಿನ ಕಡತಗಳನ್ನು ಕೇಳಿದಾಗ ಆಗುವ ವಿಳಂಬಕ್ಕೆ ಇದನ್ನು ಹೋಲಿಸಬಹುದು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳಿಲ್ಲ; ಅದೇ ಮಾಹಿತಿಯು ಒಂದು ಮಿಲಿಸೆಕೆಂಡ್‌ಗಿಂತಲೂ ಕಡಿಮೆ ಕಾಲದಲ್ಲಿ ದೊರೆಯುತ್ತದೆ.

4.2 ಸ್ವಯಂ ಆರಂಭವಾಗುವ ತಂತ್ರಾಂಶಗಳು: ಹೊಸ ತಂತ್ರಾಂಶವನ್ನು ಅಳವಡಿಸಿದಾಗಲೆಲ್ಲ ಅದು ತನ್ನ ಹೆಸರನ್ನು ಈ ಪಟ್ಟಿಗೆ ಸೇರಿಸಿಕೊಳ್ಳುವ ಸಂಭವವಿದೆ. ಸಂಭಾಷಣೆ, ಸಂಗೀತ, ಆಟ ಹಾಗೂ ಮುದ್ರಣ ಯಂತ್ರಗಳ ಸಹಾಯಕ ತಂತ್ರಾಂಶಗಳು ಚಾಲನೆಯ ಸಮಯದಲ್ಲೇ ತೆರೆಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಪಟ್ಟಿಯಿಂದ ನಿಷ್ಕ್ರಿಯಗೊಳಿಸಿದರೆ ತಂತ್ರಾಂಶವು ಅಳಿಸಿಹೋಗುವುದಿಲ್ಲ, ಬೇಕಾದಾಗ ತೆರೆದುಕೊಳ್ಳಬಹುದು. ಆದರೆ ವೈರಾಣು ನಿರೋಧಕ, ಡಿಜಿಟಲ್ ಸಹಿಯ ಟೋಕನ್‌ಗೆ ಸಂಬಂಧಿಸಿದ ತಂತ್ರಾಂಶ ಹಾಗೂ ನಿತ್ಯ ಬಳಸುವ ಕನ್ನಡ ಕೀಲಿಮಣೆ ತಂತ್ರಾಂಶಗಳನ್ನು ನಿಷ್ಕ್ರಿಯಗೊಳಿಸಬಾರದು.

4.3 ಸ್ಮರಣಕೋಶದ ಕೊರತೆ: ರ‍್ಯಾಮ್ ಸಾಲದಿದ್ದಾಗ ವ್ಯವಸ್ಥೆಯು ಡಿಸ್ಕ್‌ನ ಒಂದು ಭಾಗವನ್ನು ತಾತ್ಕಾಲಿಕ ಸ್ಮರಣಕೋಶವಾಗಿ ಬಳಸುತ್ತದೆ. ಆ ಡಿಸ್ಕ್ ನಿಧಾನದ್ದಾಗಿದ್ದಲ್ಲಿ ವಿಳಂಬವು ಇಮ್ಮಡಿಸುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ನಿಗದಿಯಾಗಿದ್ದರೂ, ಹಲವು ತಂತ್ರಾಂಶಗಳನ್ನು ಒಟ್ಟಿಗೆ ಬಳಸುವವರಿಗೆ 8 ಜಿಬಿ ಅನುಕೂಲಕರ.

4.4 ಡಿಸ್ಕ್‌ನಲ್ಲಿ ಸ್ಥಳಾಭಾವ: ಕಡಿಮೆ ಬೆಲೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 32 ಅಥವಾ 64 ಜಿಬಿ ಸಾಮರ್ಥ್ಯದ ಇಎಂಎಂಸಿ ಸಂಗ್ರಹವಿರುತ್ತದೆ. ಪರಿಷ್ಕರಣೆಗಳಿಂದಲೇ ಅದು ತುಂಬಿಹೋಗಬಹುದು. ಇದನ್ನು ಮದರ್‌ಬೋರ್ಡ್‌ಗೆ ಬೆಸೆದಿರುವುದರಿಂದ ಡಿಸ್ಕ್‌ನಂತೆ ಬದಲಾಯಿಸಲು ಬರುವುದಿಲ್ಲ. ಖರೀದಿಯ ಸಮಯದಲ್ಲಿಯೇ ಈ ಅಂಶವನ್ನು ವಿಚಾರಿಸಿಕೊಳ್ಳಬೇಕು.

4.5 ಇತರೆ ಕಾರಣಗಳು: ಪರಿಷ್ಕರಣೆಗಳ ಅಳವಡಿಕೆ, ಎರಡು ವೈರಾಣು ನಿರೋಧಕಗಳ ಏಕಕಾಲಿಕ ಬಳಕೆ, ಜಾಲದಲ್ಲಿ ಈಗ ಇಲ್ಲದ ಡ್ರೈವ್‌ಗಳಿಗಾಗಿ ನಡೆಯುವ ಹುಡುಕಾಟ, ಯುಎಸ್‌ಬಿ ಕಿಂಡಿಯಲ್ಲಿ ಉಳಿದುಹೋದ ಸಾಧನಗಳು. ಮದರ್‌ಬೋರ್ಡ್‌ನ ಚಿಕ್ಕ ಬ್ಯಾಟರಿ ಮುಗಿದಿದ್ದರೆ ದಿನಾಂಕವು ತಪ್ಪಾಗಿ, ಕೆಲವು ಯಂತ್ರಗಳು ಕೀಲಿಯೊಂದನ್ನು ಒತ್ತುವಂತೆ ಸೂಚಿಸಿ ಮೊದಲ ಹಂತದಲ್ಲೇ ನಿಲ್ಲುತ್ತವೆ.

5. ವಿಳಂಬವು ಮುನ್ಸೂಚನೆಯಾದಾಗ

ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ಡಿಸ್ಕ್ ಕೆಡುತ್ತಿದೆಯೆಂದು ಶಂಕಿಸಬೇಕು:

- ಯಾವ ಬದಲಾವಣೆಯನ್ನೂ ಮಾಡದಿದ್ದರೂ ಕೆಲವೇ ದಿನಗಳಲ್ಲಿ ಚಾಲನಾ ಅವಧಿಯು ಹಠಾತ್ತನೆ ಹೆಚ್ಚುವುದು.
- ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಶಬ್ದ ಬರುವುದು.
- ಪ್ರತಿ ಬಾರಿಯೂ ಡಿಸ್ಕ್ ತಪಾಸಣೆಯ ಸಂದೇಶ ಕಾಣಿಸುವುದು.
- ಕೆಲವು ಕಡತಗಳು ತೆರೆಯದಿರುವುದು ಅಥವಾ ನಕಲು ಮಾಡುವಾಗ ಯಂತ್ರ ಸ್ತಬ್ಧವಾಗುವುದು.

ಇಂತಹ ಸಂದರ್ಭದಲ್ಲಿ ವೇಗ ಹೆಚ್ಚಿಸುವ ಪ್ರಯತ್ನಗಳನ್ನು ಕೈಬಿಟ್ಟು, ಅಂಕಪಟ್ಟಿ, ಆಸ್ತಿ ದಾಖಲೆ, ಲೆಕ್ಕಪತ್ರ, ಕುಟುಂಬದ ಛಾಯಾಚಿತ್ರ ಮುಂತಾಗಿ ಮತ್ತೆ ದೊರೆಯದ ಕಡತಗಳನ್ನು ಮೊದಲು ಬೇರೊಂದು ಸಾಧನಕ್ಕೆ ನಕಲು ಮಾಡಿಕೊಳ್ಳತಕ್ಕದ್ದು. ಕೆಡುತ್ತಿರುವ ಡಿಸ್ಕ್‌ನ ಮೇಲೆ ದೀರ್ಘಕಾಲದ ದುರಸ್ತಿ ತಪಾಸಣೆ ಅಥವಾ ಡಿಫ್ರಾಗ್ ನಡೆಸಿದರೆ ಉಳಿದಿರುವ ಮಾಹಿತಿಗೂ ಹಾನಿಯಾಗಬಹುದು. ಎಸ್‌ಎಸ್‌ಡಿಯು ಯಾವ ಶಬ್ದವನ್ನೂ ಮಾಡದೆ ಕೆಡುವ ಸಾಧ್ಯತೆಯಿರುವುದರಿಂದ, ಅದನ್ನು ಹೊಂದಿರುವವರೂ ನಕಲು ಪ್ರತಿಯನ್ನು ಇಟ್ಟುಕೊಳ್ಳುವುದು ಅವಶ್ಯಕ.

6. ಶಟ್ ಡೌನ್ ಮತ್ತು ರಿಸ್ಟಾರ್ಟ್‌ಗಳ ವ್ಯತ್ಯಾಸ

2012ರಲ್ಲಿ ಬಿಡುಗಡೆಯಾದ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಸೌಲಭ್ಯವಿದೆ. ಇದು ಚಾಲ್ತಿಯಲ್ಲಿದ್ದರೆ, ಶಟ್ ಡೌನ್ ಮಾಡಿದಾಗ ವ್ಯವಸ್ಥೆಯ ಮೂಲ ಭಾಗದ ಸ್ಥಿತಿಯು ಡಿಸ್ಕ್‌ನಲ್ಲಿ ಉಳಿದು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಇದರಿಂದ ಸಮಯ ಉಳಿಯುತ್ತದೆಯಾದರೂ, ಚಾಲಕ ತಂತ್ರಾಂಶಗಳಲ್ಲಿ ಉಂಟಾದ ದೋಷಗಳೂ ಹಾಗೆಯೇ ಮುಂದುವರಿಯಬಹುದು. ಪ್ರತಿದಿನ ಶಟ್ ಡೌನ್ ಮಾಡುತ್ತಿದ್ದರೂ ಯಂತ್ರ ಸುಧಾರಿಸಲಿಲ್ಲವೆಂಬ ದೂರಿಗೆ ಇದು ಒಂದು ಕಾರಣ. ರಿಸ್ಟಾರ್ಟ್ ಮಾಡಿದಾಗ ವ್ಯವಸ್ಥೆಯು ಪೂರ್ಣವಾಗಿ ಹೊಸದಾಗಿ ಆರಂಭವಾಗುವುದರಿಂದ ವಾರಕ್ಕೊಮ್ಮೆ ಹಾಗೆ ಮಾಡುವುದು ಒಳ್ಳೆಯದು. ಒಂದೇ ಯಂತ್ರದಲ್ಲಿ ಲಿನಕ್ಸ್ ಅನ್ನೂ ಬಳಸುವವರು ಈ ಸೌಲಭ್ಯವನ್ನು ನಿಲ್ಲಿಸಿಕೊಳ್ಳುವುದು ಸುರಕ್ಷಿತ.

7. ಪರಿಹಾರದ ಅನುಕ್ರಮ

ವೆಚ್ಚವಿಲ್ಲದ ಕ್ರಮಗಳಿಂದ ಆರಂಭಿಸಿ, ಪ್ರತಿ ಕ್ರಮದ ನಂತರ ಚಾಲನಾ ಅವಧಿಯನ್ನು ಮತ್ತೆ ಅಳೆಯಬೇಕು.

(1) ಕಡತಗಳ ನಕಲು ಪ್ರತಿ ಮಾಡಿಕೊಳ್ಳುವುದು.
(2) ಬಾಕಿಯಿರುವ ಪರಿಷ್ಕರಣೆಗಳನ್ನು ಪೂರ್ಣಗೊಳಿಸಿ ರಿಸ್ಟಾರ್ಟ್ ಮಾಡುವುದು.
(3) ಅನಗತ್ಯ ಸ್ವಯಂ ಆರಂಭಗಳನ್ನು ನಿಷ್ಕ್ರಿಯಗೊಳಿಸುವುದು.
(4) ಬಳಕೆಯಲ್ಲಿಲ್ಲದ ತಂತ್ರಾಂಶಗಳನ್ನು ತೆಗೆದು ಡಿಸ್ಕ್‌ನಲ್ಲಿ ಸ್ಥಳಾವಕಾಶ ಮಾಡುವುದು.
(5) ಕುತಂತ್ರಾಂಶ ತಪಾಸಣೆ ನಡೆಸುವುದು.
(6) ಹಾರ್ಡ್ ಡಿಸ್ಕ್ ಇದ್ದಲ್ಲಿ ಎಸ್‌ಎಸ್‌ಡಿ ಅಳವಡಿಸುವುದು. ಅಗತ್ಯವಿದ್ದಲ್ಲಿ ರ‍್ಯಾಮ್ ಹೆಚ್ಚಿಸುವುದು.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಮದರ್‌ಬೋರ್ಡ್‌ಗೆ ಬೆಸೆದಿರುವುದರಿಂದ, ಖರೀದಿಗೆ ಮುನ್ನ ಮಾದರಿ ಸಂಖ್ಯೆಯನ್ನು ತಿಳಿಸಿ ಖಚಿತಪಡಿಸಿಕೊಳ್ಳಬೇಕು. ಬಿಟ್‌ಲಾಕರ್ ಗೂಢಲಿಪೀಕರಣ ಚಾಲ್ತಿಯಲ್ಲಿರುವ ಯಂತ್ರವನ್ನು ದುರಸ್ತಿಗೆ ನೀಡುವ ಮುನ್ನ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ಕೀಲಿಯಿಲ್ಲದೆ ಡಿಸ್ಕ್‌ನ ಬೀಗ ತೆರೆಯುವುದು ದುರಸ್ತಿಗಾರರಿಗೂ ಸಾಧ್ಯವಾಗುವುದಿಲ್ಲ.

8. ಮಾಡಬಾರದ ಕಾರ್ಯಗಳು

ವೇಗವನ್ನು ಹೆಚ್ಚಿಸುವುದಾಗಿ ಹೇಳಿಕೊಳ್ಳುವ, ಮೂಲ ತಿಳಿಯದ ಉಚಿತ ತಂತ್ರಾಂಶಗಳನ್ನು ಅಳವಡಿಸಬಾರದು. ವಿಂಡೋಸ್‌ನ ರಿಜಿಸ್ಟ್ರಿಯನ್ನು ಸ್ವಚ್ಛಗೊಳಿಸುವ ತಂತ್ರಾಂಶಗಳ ಬಳಕೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯೂ ಬೆಂಬಲಿಸುವುದಿಲ್ಲ. ಚಾಲನಾ ಆಯ್ಕೆಗಳಲ್ಲಿ ಪ್ರೊಸೆಸರ್ ಸಂಖ್ಯೆಯನ್ನು ನಮೂದಿಸಿದರೆ ವೇಗ ಹೆಚ್ಚುತ್ತದೆಂಬ ಸಲಹೆಯೂ ತಪ್ಪು. ವ್ಯವಸ್ಥೆಯು ಮೊದಲಿನಿಂದಲೇ ಎಲ್ಲವನ್ನೂ ಬಳಸುತ್ತದೆ, ಆ ಆಯ್ಕೆಯಿರುವುದು ಸಂಖ್ಯೆಯನ್ನು ಮಿತಿಗೊಳಿಸಲು. ಪರಿಷ್ಕರಣೆ ನಡೆಯುತ್ತಿರುವಾಗ ಗುಂಡಿಯನ್ನು ಒತ್ತಿಹಿಡಿದು ಯಂತ್ರವನ್ನು ಆರಿಸಬಾರದು.

9. ಯಂತ್ರವನ್ನು ಬದಲಾಯಿಸುವ ಸಂದರ್ಭ

ವೇಗವೊಂದೇ ಮಾನದಂಡವಲ್ಲ. ವಿಂಡೋಸ್ 7ಕ್ಕೆ 14 ಜನವರಿ 2020ರಂದು ಹಾಗೂ ವಿಂಡೋಸ್ 10ಕ್ಕೆ 14 ಅಕ್ಟೋಬರ್ 2025ರಂದು ಸಾಮಾನ್ಯ ಬೆಂಬಲ ಮುಕ್ತಾಯವಾಗಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಸಹಿತ ನಿಗದಿತ ಅರ್ಹತೆಗಳಿಲ್ಲದ ಯಂತ್ರವು ಎಸ್‌ಎಸ್‌ಡಿ ಅಳವಡಿಕೆಯಿಂದ ವೇಗವಾಗಬಹುದೇ ಹೊರತು ಸುರಕ್ಷಿತವಾಗುವುದಿಲ್ಲ. ಅಂತಹ ಯಂತ್ರದಲ್ಲಿ ಬೆಂಬಲವಿರುವ ಲಿನಕ್ಸ್ ಆವೃತ್ತಿಯನ್ನು ಅಳವಡಿಸಿ ಬಳಕೆಯನ್ನು ಮುಂದುವರಿಸಬಹುದು. ವಿಲೇವಾರಿ ಮಾಡುವುದಾದಲ್ಲಿ ಡಿಸ್ಕ್‌ನ ಮಾಹಿತಿಯನ್ನು ಮರಳಿ ಪಡೆಯಲಾಗದಂತೆ ಅಳಿಸಿ, 1 ಏಪ್ರಿಲ್ 2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರಡಿ ನೋಂದಾಯಿತ ಮರುಬಳಕೆದಾರರಿಗೆ ತಲುಪುವಂತೆ ನೀಡಬೇಕು.

ಗಮನಿಸಿ: ಯಾವುದೇ ದುರಸ್ತಿಗೆ ಮುನ್ನ ಕಡತಗಳ ನಕಲು ಪ್ರತಿ ಇರುವುದನ್ನು, ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.